ಗೊಂಚಲಿನಲ್ಲಿ ಎರಡು ಕೀ

ಮೇಷ್ಟ್ರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಹನ್ನೆರಡು ದಿನ ಕಾಡಿ, ಬಿಟ್ಟು ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿತ್ತು. ಮೂಗು ಮುಖದ ಮೇಲೆ ಹಾಗೇ ಇತ್ತು, ನೆಗಡಿಯಾದರೆ ಸೋರುತ್ತಿತ್ತು, ಕನ್ನಡಕ ಅದರ ಮೇಲೇ ಕೂರುತ್ತಿತ್ತು. ಮೂಗಿನ ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಗಾಡಿಕೊಂಡು ಹೇಳಿಬಿಡಬಹುದಾಗಿದ್ದ ಕೊರತೆ. ಆದರೆ ಡ್ರೈವಿಂಗ್ ಕಲಿಸುವವನಿಗೆ ಕ್ಲಚ್ ಸುಡುವ ವಾಸನೆ ಬರುವುದಿಲ್ಲವೆಂದರೆ ಅವನ ಪಕ್ಕ ಕೂತು ಕಲಿಯಲು ಯಾರು ಬರುತ್ತಾರೆ? ಹೊಸಬರು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಏರು ಹತ್ತುತ್ತಾರೆ. ಅದು ಸುಡತೊಡಗಿದ ಗಳಿಗೆಯಲ್ಲೇ ಮೂಗಿಗೆ ತಿಳಿಯಬೇಕು, ಕಣ್ಣಿಗೆ ಕಿವಿಗೆ ತಿಳಿಯುವ ಹೊತ್ತಿಗೆ ಪ್ಲೇಟು ಹೋಗಿರುತ್ತದೆ. ಇದನ್ನು ಇಪ್ಪತ್ತೆರಡು ವರ್ಷದಿಂದ ಶಿಷ್ಯರಿಗೆ ಹೇಳಿಕೊಂಡು ಬಂದವರೇ ಮೇಷ್ಟ್ರು. ಹಾಗಾಗಿ ವಿಷಯ ಹೆಂಡತಿಗೆ ಒಬ್ಬಳಿಗೇ ಗೊತ್ತಿತ್ತು. ಅವಳಿಗೂ ಹೇಳುವ ಮನಸ್ಸು ಅವರಿಗಿರಲಿಲ್ಲ. ಒಲೆ ಆರಿ ಗ್ಯಾಸ್ ತೆರೆದೇ ಇದ್ದ ಒಂದು ಬೆಳಿಗ್ಗೆ, ಅದರ ಎದುರಿಗೇ ಕೂತು ಪೇಪರ್ ಓದುತ್ತಿದ್ದ ಗಂಡನನ್ನು ಕಂಡು ಅವಳು ಕಿರುಚಿದ ಮೇಲೆ ಒಪ್ಪಿಕೊಳ್ಳಬೇಕಾಯಿತು. ಯಾರ ಕಿವಿಗೂ ಹಾಕಬೇಡ ಎಂದು ಅವತ್ತೇ ಆಣೆ ಹಾಕಿಸಿಕೊಂಡಿದ್ದರು. ಅವಳೇನೋ ಹಾಕಿದ್ದಳು. ಆದರೆ ಆಣೆ ಹಾಕಿದವಳ ತಮ್ಮ ಅದೇ ಮನೆಯ ಮಹಡಿಯ ರೂಮಿನಲ್ಲಿದ್ದ.

ತಮ್ಮನಿಗೆ ಶಿಷ್ಯರು ಇಟ್ಟ ಹೆಸರು ಚಿಕ್ಕ ಮೇಷ್ಟ್ರು. ಆರು ವರ್ಷದ ಹಿಂದೆ, ಬೇರೆ ಕೆಲಸ ಸಿಗುವ ತನಕ ಇರುತ್ತೇನೆ ಎಂದು ಬಂದವನು ಸಂಜೆಯ ಪಾಠಗಳನ್ನು ತಾನೇ ನೋಡಿಕೊಳ್ಳತೊಡಗಿದ್ದ. ಚಿಕ್ಕವನೊಬ್ಬ ಇದ್ದರೆ ದೊಡ್ಡವರೊಬ್ಬರು ಇದ್ದಾರೆಂದೇ ಅರ್ಥ, ಅದಕ್ಯಾಕೆ ಮುಖ ಊದಿಸಿಕೊಳ್ತೀರಿ ಎಂದು ಹೆಂಡತಿ ಕೇಳಿದ್ದಳು. ಮೊದಲು ಮೂಲೆಗೆ ಹೋಗುವುದು ದೊಡ್ಡವರು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಕಳೆದ ಒಂದೂವರೆ ವರ್ಷದಿಂದ ಅವನು ಬೆಳಗಿನ ಪಾಠಕ್ಕೂ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. "ಸುಮ್ನೆ ಬರ್ತೀನಿ ಭಾವ, ಮನೇಲಿ ಬೇಜಾರು" ಎನ್ನುತ್ತಿದ್ದ. ಕೂತವನು ಸುಮ್ಮನೆ ಕೂರುತ್ತಿರಲಿಲ್ಲ, ಕೆಮ್ಮುತ್ತಿದ್ದ. ಒಣ ಕೆಮ್ಮು, ಒಂದೇ ಸಲ, ಗಂಟಲಿನ ಮೇಲಿನಿಂದಲೇ. ಏರಿನಲ್ಲಿ, ಸಿಗ್ನಲ್ಲಿನಲ್ಲಿ, ಹೊಸಬರು ತಡಬಡಾಯಿಸುವ ಕಡೆಯಲ್ಲೆಲ್ಲ ಆ ಕೆಮ್ಮು ಬರುತ್ತಿತ್ತು. ಅದು ಬಂದಾಗಲೆಲ್ಲ ಮೇಷ್ಟ್ರಿಗೆ ಹೆಗಲಿನ ಹಿಂದೆ ಯಾರೋ ನಿಂತು ಬರೆದದ್ದನ್ನು ಓದಿದ ಹಾಗಾಗಿ, ಸಿಟ್ಟು ಶಿಷ್ಯರ ಮೇಲೆ ಹೋಗಿ, "ಕಾಲು ತೆಗೀರೀ ಕ್ಲಚ್ಚಿಂದ!" ಎಂದು ಗದರುತ್ತಿದ್ದರು.

ಕಾರು ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ ನಿಂತಿರುತ್ತಿತ್ತು. ಸಂಜೆ ಅದನ್ನು ನಿಲ್ಲಿಸುವಾಗ ಕಿಲೋಮೀಟರಿನ ಕೊನೆಯ ಮೂರು ಅಂಕಿಯನ್ನು ಮೇಷ್ಟ್ರು ಮನಸ್ಸಿನಲ್ಲಿ ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅದು ಹನ್ನೊಂದು ಹೆಚ್ಚಿತ್ತು. ಸೀಟು ಒಂದು ಹಲ್ಲು ಮುಂದಿತ್ತು. ಯಾರಾದರೂ ಸಿಗರೇಟು ಸೇದಿದ್ದರೆ, ಅತ್ತರು ಹಾಕಿಕೊಂಡವರು ಕೂತಿದ್ದರೆ, ಮೂಗಿದ್ದವನಿಗೆ ಅರ್ಧ ಕಥೆ ಅಲ್ಲೇ ಸಿಗುತ್ತಿತ್ತು. ಮೇಷ್ಟ್ರು ಬಾಗಿಲು ಮುಚ್ಚಿಕೊಂಡು ಎರಡು ನಿಮಿಷ ಉಸಿರೆಳೆದು ಕೂತರು. ತಣ್ಣಗಿನ ಗಾಳಿ ಒಳಗೆ ಹೋಗಿ ತಣ್ಣಗೇ ಹೊರಗೆ ಬಂತು. ಎದುರು ರಸ್ತೆಯಲ್ಲಿ ಹೊಸ ಡ್ರೈವಿಂಗ್ ಸ್ಕೂಲು ತೆರೆದು ನಾಲ್ಕು ತಿಂಗಳಾಗಿತ್ತು, ಅದರ ಮಾಲೀಕ ಭಾವಮೈದುನನ ಹೆಗಲ ಮೇಲೆ ಕೈ ಹಾಕಿ ಮಾತಾಡುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರವನ್ನು ಮತ್ತೆ ಮೂಸಿ ನೋಡಬೇಕಾಗುತ್ತದೆ. ಅದರ ಬದಲು ಸಂಜೆ, "ನಿನ್ನ ಹತ್ರ ಇರೋ ಕೀ ಸವೆದಿದೆ ಅನ್ಸುತ್ತೆ, ಕೊಡು ನೋಡ್ತೀನಿ" ಎಂದರು. ತಲೆಗೆ ಕೆಂಪು ಉಲ್ಲನ್ ದಾರ ಸುತ್ತಿದ್ದ ಆ ಕೀಯನ್ನು ಅವನು ಜೇಬಿನಿಂದ ತೆಗೆದು, ಏನೂ ಅನ್ನದೆ ಕೊಟ್ಟುಬಿಟ್ಟ. ಏನೂ ಅನ್ನದೆ ಕೊಟ್ಟದ್ದೇ ಮೇಷ್ಟ್ರಿಗೆ ಸರಿಬರಲಿಲ್ಲ. ಅದನ್ನು ತಮ್ಮ ಕೀ ಇದ್ದ ಬಿಗಿ ರಿಂಗಿಗೇ ಉಗುರು ನೋಯುವಂತೆ ಸೇರಿಸಿ, ಗೊಂಚಲನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು. ಆ ಕಾರಿನ ಎರಡು ಕೀಗಳೂ ಒಂದೇ ಕಡೆ ಇದ್ದದ್ದು ಅದೇ ಮೊದಲು.

ಮರುದಿನ ನರ್ಸಮ್ಮನ ಟೆಸ್ಟು. ಐವತ್ತರ ಹತ್ತಿರದ ಹೆಂಗಸು, ಎರಡು ಸಲ ಫೇಲಾಗಿದ್ದವಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸಕ್ಕೆ ಹೆಸರು ಕೊಟ್ಟಿದ್ದಳು, ಲೈಸೆನ್ಸ್ ಇಲ್ಲದೆ ಅದು ಸಿಗುವಂತಿರಲಿಲ್ಲ. ಹತ್ತು ಗಂಟೆಗೆ ಟೆಸ್ಟಿನ ಮೈದಾನದಲ್ಲಿ ಕಾರು ಇರಬೇಕು. ಏಳೂವರೆಗೆ ಮೇಷ್ಟ್ರು ಒಳಗೆ ಕೂತು ಕೀ ತಿರುಗಿಸಿದರು. ಸ್ಟಾರ್ಟರ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದರು. ಕುಯ್ ಕುಯ್ ಕುಯ್ ಎಂದು ಗಾಡಿ ಗೋಗರೆಯಿತೇ ಹೊರತು ಹಿಡಿಯಲಿಲ್ಲ. ಎದುರಿನ ಮೀಟರುಗಳ ನಡುವೆ ಕೆಂಪು ದೀಪವೊಂದು ಪಟಪಟ ಮಿಟುಕುತ್ತಿತ್ತು. ರಾತ್ರಿಯಿಡೀ ಮಿಟುಕುವ ದೀಪವೇ ತಾನೇ ಎಂದು ಅದರ ಕಡೆ ನೋಡಲಿಲ್ಲ. ಆರನೇ ಸಲಕ್ಕೆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದರು.

"ಸ್ಟಾರ್ಟರ್ ತಿರುಗ್ತಿದೆಯಾ ಮೇಷ್ಟ್ರೇ?"

"ಚೆನ್ನಾಗೇ ತಿರುಗ್ತಿದೆ."

"ಹಾಗಾದ್ರೆ ಬ್ಯಾಟರಿ ಬಿಡಿ. ಇನ್ನೊಂದ್ಸಲ ಹೊಡೆದು ಸೈಲೆನ್ಸರ್ ಹತ್ರ ಹೋಗಿ ನೋಡಿ, ಪೆಟ್ರೋಲ್ ವಾಸನೆ ಬರ್ತಿದೆಯಾ?"

ಫೋನಿನಲ್ಲಿರುವವನಿಗೆ ತಾನು ಕಾಣುವುದಿಲ್ಲ ಎಂದು ಗೊತ್ತಿದ್ದೂ ಮೇಷ್ಟ್ರು ಇಳಿದು ಹಿಂದೆ ಹೋದರು, ಮಂಡಿಯೂರಿ ಸೈಲೆನ್ಸರಿನ ಬಾಯಿಗೆ ಮುಖ ಹಿಡಿದರು. ನೆಲದ ಜಲ್ಲಿ ಮಂಡಿಗೆ ಒತ್ತಿತು. ಮೂಗಿನೊಳಗೆ ಏನೂ ಆಗಲಿಲ್ಲ. ಇಲ್ಲ ಎಂದುಬಿಡಬಹುದಿತ್ತು. ಆದರೆ ಇಲ್ಲ ಎಂದು, ಆಮೇಲೆ ಇವನು ಬಂದು ಮೂಸಿ, ಇದೇನು ಮೇಷ್ಟ್ರೇ ಇಷ್ಟು ವಾಸನೆ ಹೊಡೀತಿದೆ ಅಂದುಬಿಟ್ಟರೆ? ಪೆಟ್ರೋಲ್ ಗಾಡಿಯಿಂದ ಪೆಟ್ರೋಲ್ ವಾಸನೆ ಬರುವುದೇ ನ್ಯಾಯ.

"ಬರ್ತಿದೆ" ಎಂದರು. ಆಚೆಯವನು ಸುಮ್ಮನಿದ್ದುದರಿಂದ, "ಗಪ್ಪಂತ ಹೊಡೀತಿದೆ" ಎಂದು ಸೇರಿಸಿದರು.

"ಹಾಗಿದ್ರೆ ಪೆಟ್ರೋಲ್ ಬರ್ತಿದೆ, ಕರೆಂಟ್ ಬರ್ತಿಲ್ಲ. ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಕನೆಕ್ಟರ್ ಬಿಟ್ಟಿರಬೇಕು. ಬಾನೆಟ್ ಏನಾದ್ರೂ ಯಾರಾದ್ರೂ ಎತ್ತಿದ್ರಾ?"

ಮೇಷ್ಟ್ರು ಎದ್ದು ನಿಂತರು. ನಿನ್ನೆ ಮಧ್ಯಾಹ್ನ ಭಾವಮೈದುನ ಬಾನೆಟ್ ಎತ್ತಿದ್ದ. ವೈಪರಿಗೆ ನೀರು ಹಾಕ್ತೀನಿ ಅಂದಿದ್ದ. ನೀರು ಹಾಕಲು ಎಷ್ಟು ಹೊತ್ತು ಬೇಕು? ಇವರು ಒಳಗೆ ಊಟ ಮುಗಿಸಿ ಕೈ ತೊಳೆದು ಬರುವಷ್ಟು ಹೊತ್ತು ಅವನ ತಲೆ ಬಾನೆಟ್ಟಿನ ಒಳಗೇ ಇತ್ತು. ಆಮೇಲೆ ಸಂಜೆ, ಕೀ ಕೇಳಿದಾಗ ಏನೂ ಅನ್ನದೆ ಕೊಟ್ಟ. ಯಾಕೆ ಕೊಡುವುದಿಲ್ಲ? ಕೆಲಸ ಮುಗಿದಿತ್ತಲ್ಲ. ಒಂದೊಂದೂ ಬಂದು ತನ್ನ ಜಾಗದಲ್ಲಿ ಕೂತಿತು: ಹನ್ನೊಂದು ಕಿಲೋಮೀಟರು, ಹೆಗಲ ಮೇಲಿನ ಕೈ, ನೀರು, ಕೆಮ್ಮು. ಟೆಸ್ಟಿನ ದಿನ ಗಾಡಿ ನಿಂತರೆ ಯಾರ ಹೆಸರು ಹಾಳಾಗುತ್ತದೆ, ಯಾರ ಹೆಸರು ಉಳಿಯುತ್ತದೆ? ಇದೆಲ್ಲ ಇಷ್ಟು ಸರಾಗವಾಗಿ ಹೊಂದಿಕೊಂಡದ್ದು ಕಂಡು ಮೇಷ್ಟ್ರಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಯಾರೋ ಕಿತ್ತಿದಾರೆ ಎಂದು ಫೋನಿನಲ್ಲಿ ಹೇಳಿದರು. ಒಂಬತ್ತು ಗಂಟೆಯೊಳಗೆ ಬರ್ತೀನಿ, ನೀವೇನೂ ಮುಟ್ಟಬೇಡಿ ಎಂದು ಎಲೆಕ್ಟ್ರಿಷಿಯನ್ ಫೋನಿಟ್ಟ.

ಭಾವಮೈದುನ ಮಹಡಿಯ ಮೆಟ್ಟಿಲಿಳಿದು ಬಂದ. ಅರ್ಧ ಗಡ್ಡ ಹೆರೆದು ಇನ್ನರ್ಧ ಸೋಪಿನಲ್ಲೇ ಬಿಟ್ಟಿದ್ದ; ಸ್ಟಾರ್ಟರಿನ ಸದ್ದು ಮೇಲೆ ಕೇಳಿರಬೇಕು.

"ಏನಾಯ್ತು ಭಾವ? ಹಿಡೀತಿಲ್ವಾ?"

"ನೀನೇ ಹೇಳಬೇಕು."

"ನಾನೇನು ಹೇಳ್ಲಿ? ನಿನ್ನೆ ಸರಿಯಾಗಿತ್ತಲ್ಲ. ಕೀ ಕೊಡಿ, ನೋಡ್ತೀನಿ." ಕೈ ಚಾಚಿದ. "ನಂದೇ ಕೊಡಿ, ರಿಂಗಿಂದ ಬಿಚ್ಚಿ. ಅದ್ರಲ್ಲಿ ಒಂದಿನಾನೂ ಹೀಗಾಗಿಲ್ಲ."

ಮೇಷ್ಟ್ರು ಗೊಂಚಲನ್ನು ಮುಷ್ಟಿಯೊಳಗೆ ಹಿಡಿದುಕೊಂಡರು. ಎರಡು ಕೀಗಳ ಹಲ್ಲೂ ಅಂಗೈಗೆ ಒತ್ತಿದವು. "ಓಹೋ. ನಿನ್ನ ಕೀಯಲ್ಲಾದ್ರೆ ಸ್ಟಾರ್ಟ್ ಆಗುತ್ತೆ ಅಂತ ನಿನಗೆ ಗೊತ್ತು. ಹಾಗೆ ಮಾಡಿಟ್ಟಿದ್ದೀಯ ಅನ್ನು."

"ಏನು ಮಾಡಿಟ್ಟಿದ್ದೀನಿ?"

"ಕಾಯಿಲ್ ವೈರು. ನೀರು ಹಾಕೋ ನೆಪದಲ್ಲಿ ಕಿತ್ತಿದ್ದೀಯಲ್ಲ, ಅದು."

ಅವನು ನಕ್ಕ. ಸೋಪಿನ ನೊರೆ ಒಂದು ಕಡೆಯಿಂದ ಜಾರಿತು. "ಭಾವ, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ಬೇಡಿ. ಟೆಸ್ಟಿದೆ."

"ತಮಾಷೆ ನೀನು ಮಾಡ್ತಿರೋದು. ಹನ್ನೊಂದು ಕಿಲೋಮೀಟರ್ ಯಾವಳನ್ನ ಕೂರಿಸ್ಕೊಂಡು ಹೋಗಿದ್ದೆ? ಇಲ್ಲಾ ಎದುರು ರಸ್ತೆಯವನಿಗೆ ಗಾಡಿ ತೋರಿಸೋಕೆ ಹೋಗಿದ್ಯಾ?"

ಅವನ ನಗು ನಿಂತಿತು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ನರ್ಸಮ್ಮ ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಬಂದು, ಮೂವರ ಮುಖ ನೋಡಿ ಗೇಟಿನ ಬಳಿಯೇ ನಿಂತುಬಿಟ್ಟಳು. ಮೂರನೆಯವಳು ಹೆಂಡತಿ, ಹೊಲಿಗೆ ಟೇಪು ಕೊರಳಲ್ಲಿ ಹಾಕಿಕೊಂಡು ಯಾವಾಗ ಬಾಗಿಲಿಗೆ ಬಂದಿದ್ದಳೋ.

"ಭಾವ, ಕರೆಂಟೋ ಪೆಟ್ರೋಲೋ ಅಂತ ಹೇಗೆ ಗೊತ್ತಾಯ್ತು?" ಎಂದ ಭಾವಮೈದುನ, ಈಗ ಮೆಲ್ಲಗೆ.

"ಎಲೆಕ್ಟ್ರಿಷಿಯನ್ ಹೇಳಿದ. ಪೆಟ್ರೋಲ್ ವಾಸನೆ ಬರ್ತಿದೆ, ಅದಕ್ಕೆ."

"ವಾಸನೆ ನೋಡಿದ್ದು ಯಾರು?"

"ನಾನು."

ಅವನು ತಿರುಗಿ ಅಕ್ಕನನ್ನು ನೋಡಿದ. ಒಂದು ಕ್ಷಣ ಅಷ್ಟೇ. ಅಕ್ಕ ತಲೆ ತಗ್ಗಿಸಿದಳು. ಮೇಷ್ಟ್ರಿಗೆ ಕಿವಿಯ ತುದಿ ಬಿಸಿಯಾಯಿತು. ಹೇಳಿದ್ದಾಳೆ. ಆಣೆ ಹಾಕಿದ ನಾಲಿಗೆಯಿಂದಲೇ ಹೇಳಿದ್ದಾಳೆ. ಅಕ್ಕ ತಮ್ಮ ಇಬ್ಬರೂ ಮಹಡಿಯಲ್ಲಿ ಕೂತು, ಪಾಪ ಭಾವನಿಗೆ ಮೂಗಿಲ್ಲ ಎಂದು ಮಾತಾಡಿಕೊಂಡಿದ್ದಾರೆ, ಎಷ್ಟು ದಿನದಿಂದಲೋ.

"ನಿಮಗೆ ವಾಸನೆ ಬಂತಾ ಭಾವ?" ಎಂದು ಅವನು ಇನ್ನೊಮ್ಮೆ ಕೇಳಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಗೇಟಿನ ಬಳಿ ನರ್ಸಮ್ಮ ಕೇಳಿಸಿಕೊಳ್ಳುತ್ತಿದ್ದಳು. ಇವತ್ತು ಅವಳು, ನಾಳೆ ಉಳಿದ ಏಳು ಶಿಷ್ಯರು.

"ಬಂತು. ಇವತ್ತು ರೂಮ್ ಖಾಲಿ ಮಾಡು. ನನ್ನ ಅನ್ನ ತಿಂದು ನನ್ನ ಗಾಡಿ ಕೆಡಿಸೋನು ನನ್ನ ಮನೇಲಿ ಬೇಡ."

"ರೀ" ಎಂದಳು ಹೆಂಡತಿ.

"ನೀನು ಮಾತಾಡ್ಬೇಡ. ನಿನ್ನ ಮಾತಿನ ಬೆಲೆ ನನಗೆ ಗೊತ್ತಾಯ್ತು."

ಭಾವಮೈದುನ ಮೆಟ್ಟಿಲು ಹತ್ತಿ ಹೋಗಿ, ಉಳಿದರ್ಧ ಗಡ್ಡವನ್ನೂ ಹೆರೆದುಕೊಂಡು, ಶರ್ಟು ಬದಲಿಸಿ ಹತ್ತು ನಿಮಿಷದಲ್ಲಿ ಇಳಿದು ಬಂದ. ಅಷ್ಟು ನಿಧಾನ ಮೇಷ್ಟ್ರಿಗೆ ಅಪರಾಧಿಯ ನಿಧಾನದಂತೆ ಕಂಡಿತು. ಅವನು ನೇರವಾಗಿ ನರ್ಸಮ್ಮನ ಹತ್ತಿರ ಹೋದ. "ಬನ್ನಿ ಅಕ್ಕ. ಟೆಸ್ಟ್ ತಪ್ಪಿಸಿಕೊಳ್ಳೋದು ಬೇಡ. ಎದುರು ರಸ್ತೆಯ ಸ್ಕೂಲಲ್ಲಿ ಇದೇ ಮಾಡೆಲ್ ಗಾಡಿ ಇದೆ, ಕೇಳ್ತೀನಿ." ನರ್ಸಮ್ಮ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಕಾರಿನ ಗಾಜು ಒರೆಸುತ್ತಿದ್ದರು. ಇಬ್ಬರೂ ರಸ್ತೆ ದಾಟಿ ಎದುರು ರಸ್ತೆಯ ತಿರುವಿಗೆ ಹೋದದ್ದು ಗಾಜಿನಲ್ಲಿ ಕಂಡಿತು. ನಾನು ಹೇಳಿರಲಿಲ್ಲವೇ ಎಂದುಕೊಂಡರು. ಯಾರಿಗೂ ಹೇಳಿರಲಿಲ್ಲ, ತಮಗೇ ಹೇಳಿಕೊಂಡಿದ್ದರು.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಎಲೆಕ್ಟ್ರಿಷಿಯನ್ ಸ್ಕೂಟರಿನ ಮೇಲೆ ಬಂದ. ಹೊಟ್ಟೆ ದೊಡ್ಡದು, ಬೆರಳು ಮಾತ್ರ ಸೂಜಿಯಂಥವು. ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು, ನಿಲ್ಲದೆ, ಒಂದೇ ಹೊಲಿಗೆಯನ್ನು ಎರಡೆರಡು ಸಲ ಹೊಲಿದಂತೆ. ಅವನು ಬಾನೆಟ್ ಎತ್ತಿ, ಟಾರ್ಚು ಹಾಕಿ, ಕಾಯಿಲ್ ಕನೆಕ್ಟರನ್ನು ಮುಟ್ಟದೆ ಹಾಗೇ ನೋಡಿದ.

"ಯಾರು ಕಿತ್ತಿದಾರೆ ಅಂದ್ರಿ?"

"ಅಲ್ಲಿ ಯಾರೋ ಕೈಯಾಡಿಸಿದಾರೆ ಅಂತ."

"ಬನ್ನಿ ಇಲ್ಲಿ, ಧೂಳು ನೋಡಿ. ಒಂದು ವರ್ಷದ ಧೂಳು, ಬೆರಳಿನ ಗುರುತು ಒಂದಾದ್ರೂ ಇದೆಯಾ? ಇದನ್ನ ಯಾರೂ ಮುಟ್ಟಿಲ್ಲ."

ಮೇಷ್ಟ್ರು ಬಗ್ಗಿ ನೋಡಿದರು. ಧೂಳು ಸಮವಾಗಿ, ಬೂದು ಬಟ್ಟೆ ಹೊದಿಸಿದ ಹಾಗೆ ಕೂತಿತ್ತು. ವೈಪರ್ ನೀರಿನ ಡಬ್ಬಿ ಮಾತ್ರ ಕತ್ತಿನ ತನಕ ತುಂಬಿತ್ತು. ಡಬ್ಬಿಯ ಸುತ್ತ, ಬ್ಯಾಟರಿಯ ಸುತ್ತ ಯಾರೋ ಹಳೆಯ ಬಟ್ಟೆಯಿಂದ ಒರೆಸಿ ಚೊಕ್ಕಟ ಮಾಡಿದ್ದರು. ಎಲೆಕ್ಟ್ರಿಷಿಯನ್ ಒಂದು ಪ್ಲಗ್ ಬಿಚ್ಚಿ ಕಣ್ಣಿಗೆ ಹಿಡಿದ, ಮೂಗಿಗೆ ಹಿಡಿದ. ಆಮೇಲೆ ಮೇಷ್ಟ್ರ ಮುಖ ನೋಡಿದ.

"ಪ್ಲಗ್ ಒಣಗಿ ಕೂತಿದೆ. ಒಂದು ಹನಿ ಪೆಟ್ರೋಲ್ ಬಂದಿಲ್ಲ. ಗಪ್ಪಂತ ಹೊಡೀತಿದೆ ಅಂದ್ರಲ್ಲ ಮೇಷ್ಟ್ರೇ?"

"ಆಗ ಹೊಡೀತಿತ್ತು."

"ಆಗ ಹೊಡೆದು ಈಗ ಓಡಿಹೋಯ್ತಾ?" ಅವನು ಪ್ಲಗ್ಗನ್ನು ಮತ್ತೆ ಕೂರಿಸಿ, ಒಳಗೆ ಕೂತು ಕೈ ಚಾಚಿದ. ಮೇಷ್ಟ್ರು ಗೊಂಚಲು ಕೊಟ್ಟರು. ಕೀ ಹಾಕಿ ತಿರುಗಿಸಿದವನು ಸ್ಟಾರ್ಟರ್ ತನಕ ಹೋಗಲೇ ಇಲ್ಲ. ಮೀಟರಿನ ಕಡೆ ಬೆರಳು ತೋರಿಸಿದ. "ಇದು ಯಾವಾಗಿಂದ ಹೀಗೆ ಹೊಡ್ಕೊಳ್ತಿದೆ?"

"ಆ ದೀಪಾನಾ? ಅದು ಯಾವಾಗ್ಲೂ ಮಿಟುಕುತ್ತಲ್ಲ."

"ಬೀಗ ಹಾಕಿ ಹೋದಾಗ ನಿಧಾನಕ್ಕೆ ಮಿಟುಕ್ಬೇಕು. ಕೀ ತಿರುಗಿಸಿದ ಮೇಲೆ ಆರಿಹೋಗ್ಬೇಕು. ಹೀಗೆ ಪಟಪಟ ಅಂದ್ರೆ, ಈ ಕೀ ನನ್ನದಲ್ಲ, ನೀನು ಕಳ್ಳ ಅಂತ." ಅವನು ಗೊಂಚಲನ್ನು ನೋಡಿದ. ನೋಡಿ, ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಎರಡನ್ನೂ ಒಂದೇ ರಿಂಗಿಗೆ ಯಾರು ಹಾಕಿದ್ದು?"

ಅವನು ಸೂಜಿಬೆರಳಿನಿಂದ ಕೆಂಪು ದಾರದ ಕೀಯನ್ನು ರಿಂಗಿನಿಂದ ಬಿಡಿಸಿ ಮೇಷ್ಟ್ರ ಕೈಗೆ ಕೊಟ್ಟು, ಆಚೆ ಗೇಟಿನ ತನಕ ಹೋಗಿ ನಿಲ್ಲಿ ಎಂದ. ಮೇಷ್ಟ್ರು ಹೋಗಿ ನಿಂತರು. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಆರಿಸಿ, ಈಗ ತನ್ನಿ ಎಂದ. ತಂದು ಎರಡನ್ನೂ ಒಟ್ಟಿಗೆ ಹಿಡಿದಾಗ ಅದೇ ಕುಯ್ ಕುಯ್. "ಕೀ ತಲೇಲಿ ಅಕ್ಕಿಕಾಳಿನಷ್ಟು ಒಂದು ಚಿಪ್ ಇರುತ್ತೆ. ಕೀ ಹಾಕಿದ ತಕ್ಷಣ ಗಾಡಿ ಅದನ್ನ ನೀನ್ಯಾರು ಅಂತ ಕೇಳುತ್ತೆ. ಎರಡು ಅಲ್ಲೇ ಇದ್ರೆ ಎರಡೂ ಒಟ್ಟಿಗೆ ಬಾಯಿ ಬಿಡ್ತವೆ. ಯಾವುದೂ ಸರಿಯಾಗಿ ಕೇಳ್ಸಲ್ಲ. ಪೆಟ್ರೋಲ್ ಬಂದ್ ಮಾಡಿ ಕೂತ್ಕೊಳ್ಳುತ್ತೆ. ಎಲ್ಲಾ ಗಾಡೀಲಿ ಹೀಗಾಗಲ್ಲ, ಈ ಮಾಡೆಲ್ ಸ್ವಲ್ಪ ಅನುಮಾನದ್ದು. ನೀವು ವಾಸನೆ ಇಲ್ಲ ಅಂದಿದ್ರೆ ಫೋನಲ್ಲೇ ದೀಪ ಕೇಳ್ತಿದ್ದೆ, ನಾನು ಬರೋದೂ ಬೇಕಿರಲಿಲ್ಲ."

ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಮೇಷ್ಟ್ರು ದನಿ ತಗ್ಗಿಸಿದರು. "ಒಂದು ಕೆಲಸ ಮಾಡಪ್ಪ. ಮನೆಯವಳು ಕೇಳಿದ್ರೆ, ಇಲಿ ವೈರ್ ಕಡಿದಿತ್ತು ಅಂದ್ಬಿಡು."

"ಇಲಿನಾ?"

"ಹ್ಞೂಂ."

ಎಲೆಕ್ಟ್ರಿಷಿಯನ್ ಕೈ ಒರೆಸಿಕೊಂಡ. ಮುಚ್ಚಿದ್ದ ಮಹಡಿಯ ಬಾಗಿಲನ್ನೊಮ್ಮೆ ನೋಡಿದ. "ಅಂದ್ಬಿಡ್ತೀನಿ. ಇಲಿಗೇನು, ಏನು ಹೊರಿಸಿದ್ರೂ ಹೊತ್ಕೊಳ್ಳುತ್ತೆ."

ಒಂಬತ್ತೂಮುಕ್ಕಾಲಿಗೆ ಮೇಷ್ಟ್ರು ಕಾರು ಹೊರಗೆ ತೆಗೆದರು. ಹೋದರೆ ನರ್ಸಮ್ಮನಿಗೆ ತಮ್ಮ ಕಾರೇ ಸಿಗುತ್ತದೆ. ಅವಳು ಪಾಸಾದರೆ ಬೆಳಗಿನದನ್ನೆಲ್ಲ ಮರೆಯುತ್ತಾಳೆ. ಹೋಗುವ ದಾರಿಯಲ್ಲಿ ಭಾವಮೈದುನನಿಗೆ ಹೇಳಬೇಕಾದ ಮಾತು ಮನಸ್ಸಿನಲ್ಲಿ ಜೋಡಿಸಿಕೊಂಡರು. ಒಂದೇ ವಾಕ್ಯ: ತಪ್ಪು ನನ್ನದು, ಎರಡು ಕೀ ಒಟ್ಟಿಗೆ ಹಾಕಿದ್ದೆ. ಆದರೆ ಆ ವಾಕ್ಯದ ಹಿಂದೆಯೇ ಇನ್ನೊಂದು ಬರುತ್ತಿತ್ತು: ಯಾಕೆ ಒಟ್ಟಿಗೆ ಹಾಕಿದ್ರಿ ಭಾವ? ಅದರ ಹಿಂದೆ ಇನ್ನೊಂದು: ವಾಸನೆ ಬಂತು ಅಂದ್ರಲ್ಲ? ಮೂರನೆಯದರ ಹತ್ತಿರ ಬಂದಾಗ ಮೊದಲನೆಯದನ್ನೂ ಮತ್ತೆ ಬಿಚ್ಚಿ ಜೋಡಿಸಬೇಕಾಗುತ್ತಿತ್ತು. ಅವನಿಗಾದರೂ ಏನು, ನೆಟ್ಟಗೆ ಎದುರು ರಸ್ತೆಯವನ ಹತ್ತಿರ ಹೋಗಲಿಲ್ಲವೇ? ಕರೆದ ತಕ್ಷಣ ಗಾಡಿ ಕೊಡುವಷ್ಟು ಸಲಿಗೆ ಒಂದು ಬೆಳಿಗ್ಗೆಯಲ್ಲಿ ಬೆಳೆದದ್ದೇ? ಹೀಗೆ ಯೋಚಿಸಿದಾಗ ಉಸಿರಾಟ ಸರಾಗವಾಯಿತು. ದೊಡ್ಡ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬೈಕಿನವನು ಗಾಜು ತಟ್ಟಿದ. "ಸಾರ್, ನಿಮ್ ಗಾಡೀಲಿ ಏನೋ ಸುಡ್ತಿದೆ. ಮೂಗು ಮುಚ್ಕೊಳ್ಳೋ ಹಾಗಾಗಿದೆ." ಸ್ಕೂಲಿನ ಬೋರ್ಡು ನೋಡಿ ಬೇಕೆಂದೇ ಕಾಲೆಳೆಯುತ್ತಿದ್ದಾನೆಂದು ಮೇಷ್ಟ್ರಿಗೆ ಅನ್ನಿಸಿತು. ಆಮೇಲೆ ಕಣ್ಣು ಕೆಳಗೆ ಹೋಯಿತು. ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಮೇಲಿತ್ತು. ಮನೆಯಿಂದ ಇಲ್ಲಿಯ ತನಕ ಅದನ್ನು ಎಳೆದುಕೊಂಡೇ ಬಂದಿದ್ದರು. ಇಳಿಸಿದರು. ಹಿಂದಿನ ಸೀಟು ಕನ್ನಡಿಯಲ್ಲಿ ಕಂಡಿತು, ಖಾಲಿ. ಒಂದೂವರೆ ವರ್ಷ ಆ ಸೀಟಿನಿಂದ ಬಂದ ಕೆಮ್ಮು ಯಾವ ಯಾವ ಜಾಗದಲ್ಲಿ ಬಂದಿತ್ತು ಎಂದು ಅವರು ನೆನೆಸಿಕೊಳ್ಳತೊಡಗಿದರು: ನೀರಿನ ಟ್ಯಾಂಕಿನ ಏರು, ಸೇತುವೆಯ ಮೊದಲು, ಈ ಸಿಗ್ನಲ್ಲು. ಕೆಮ್ಮು, ಆಮೇಲೆ ತಮ್ಮ ಗದರಿಕೆ, ಆಮೇಲೆ ಶಿಷ್ಯರು ಕಾಲು ತೆಗೆಯುವುದು. ಯಾವಾಗಲೂ ಅದೇ ಕ್ರಮದಲ್ಲಿ. ಒಂದೂವರೆ ವರ್ಷದಲ್ಲಿ ಕ್ಲಚ್ ಪ್ಲೇಟು ಒಮ್ಮೆಯೂ ಸುಟ್ಟಿರಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು. ಹಸಿರು ಬಿದ್ದು ಎಷ್ಟೋ ಹೊತ್ತಾಗಿತ್ತು. ಇದೆಲ್ಲ ಮೊದಲೇ ತಿಳಿದಿರಲಿಲ್ಲವೇ ಎಂದು ಕೇಳಿಕೊಳ್ಳಲು ಮೇಷ್ಟ್ರಿಗೆ ಧೈರ್ಯವಾಗಲಿಲ್ಲ, ಏಕೆಂದರೆ ಕೆಮ್ಮು ಬಾರದೆ ಅವರು ಯಾರನ್ನೂ ಗದರಿದ್ದೇ ಇರಲಿಲ್ಲ.

ಮೈದಾನದ ಸುಣ್ಣದ ಗೆರೆಗಳ ಆಚೆ ನರ್ಸಮ್ಮ ಎದುರು ರಸ್ತೆಯ ಸ್ಕೂಲಿನ ಕಾರಿನಿಂದ ಇಳಿಯುತ್ತಿದ್ದಳು. ಅವಳ ಸರದಿ ಬೇಗ ಬಂದು ಮುಗಿದೂ ಹೋಗಿತ್ತು. ಮೇಷ್ಟ್ರನ್ನು ಕಂಡು ಹತ್ತಿರ ಬಂದಳು.

"ಪಾಸಾದೆ ಮೇಷ್ಟ್ರೇ. ರಿವರ್ಸ್ ಕೂಡ ಒಂದೇ ಸಲಕ್ಕೆ."

"ಒಳ್ಳೇದಾಯ್ತಮ್ಮ."

"ಆ ಹನ್ನೊಂದು ಕಿಲೋಮೀಟರ್ ನಂದು" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ರೋಗಿಗೆ ಇಂಜೆಕ್ಷನ್ನಿನ ಅಳತೆ ಹೇಳುವ ಹಾಗೆ ಹೇಳಿದಳು. "ನಿನ್ನೆ ನನ್ನ ಡ್ಯೂಟಿ ಬೆಳಿಗ್ಗೆ ಆರಕ್ಕಿತ್ತು. ಅದಕ್ಕೆ ಮುಂಚೆ ಚಿಕ್ಕ ಮೇಷ್ಟ್ರು ಇಲ್ಲಿಗೆ ಕರ್ಕೊಂಡು ಬಂದು ರಿವರ್ಸ್ ಮಾಡಿಸಿದ್ರು. ನಾನು ಕುಳ್ಳಿ ಅಲ್ವಾ, ಸೀಟು ಮುಂದೆ ಎಳ್ಕೊಂಡಿದ್ದೆ. ನಿಮಗೆ ಹೇಳೋಣ ಅಂದೆ. ಎರಡು ಸಲ ಫೇಲಾಗಿದ್ದಕ್ಕೆ ಭಾವನಿಗೆ ಬೇಜಾರಾಗಿದೆ, ಪಾಸಾದ ಮೇಲೆ ಹೇಳೋಣ ಅಂದ್ರು."

ಅಷ್ಟರಲ್ಲಿ ಭಾವಮೈದುನ ಬಂದ. ಮೇಷ್ಟ್ರ ಕಾರನ್ನು ನೋಡಿದ, ಚಕ್ರದ ಕಡೆ ಒಂದು ಸಲ ಮೂಗು ಅರಳಿಸಿದ.

"ಸ್ಟಾರ್ಟ್ ಆಯ್ತಾ ಭಾವ? ಏನಾಗಿತ್ತಂತೆ?"

ಕೇಳಿದ್ದು ಅಷ್ಟೇ. ಮೇಷ್ಟ್ರ ಜೇಬಿನಲ್ಲಿ ಒಂದು ಕೀ ಇತ್ತು, ಕಾರಿನಲ್ಲಿ ಒಂದು. ಜೋಡಿಸಿಕೊಂಡ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಇವನಿಗೆ ಎಲೆಕ್ಟ್ರಿಷಿಯನ್ ಫೋನ್ ಮಾಡಿ ಹೇಳಿದ್ದಾನೆಯೇ? ಗೊತ್ತಿದ್ದೂ ಕೇಳುತ್ತಿದ್ದಾನೆಯೇ? ನನ್ನ ಬಾಯಿಂದಲೇ ಕೇಳಬೇಕೆಂದೇ?

"ಇಲಿ" ಎಂದರು. "ವೈರ್ ಕಡಿದಿತ್ತು."

"ಹೌದಾ" ಎಂದ ಭಾವಮೈದುನ. ಇನ್ನೇನಾದರೂ ಬರುತ್ತದೋ ಎಂದು ಒಂದಿಷ್ಟು ಹೊತ್ತು ನಿಂತ. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಅಕ್ಕ, ಆ ಕಾಗದಕ್ಕೆ ಸೈನ್ ಹಾಕ್ಬೇಕು ಬನ್ನಿ" ಎಂದು ಕರೆದುಕೊಂಡು ಹೋದ.

ಮನೆಗೆ ಬಂದಾಗ ಹೆಂಡತಿ ಹೊಲಿದದ್ದನ್ನು ಬಿಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಎಲೆಕ್ಟ್ರಿಷಿಯನ್ ಇಲಿ ಅಂದ. ಕಡಿದ ವೈರ್ ತೋರ್ಸು ಅಂದೆ, ಇಲ್ಲ ಅಂದ. ಹೊಸದು ಹಾಕಿದ್ದಾದ್ರೂ ತೋರ್ಸು ಅಂದೆ, ಅದೂ ಇಲ್ಲ ಅಂದ. ಆಮೇಲೆ ಕೀ ವಿಷ್ಯ ಹೇಳಿದ."

"ನೀನು ಆಣೆ ಮುರಿದೆ" ಎಂದರು ಮೇಷ್ಟ್ರು.

"ನಾನು ಹೇಳಿಲ್ಲ. ಕೆಟ್ಟುಹೋದ ಹಾಲಿನ ಟೀ ಅವನ ಎದುರಿಗೇ ಕೂತು ಕೊನೇ ತನಕ ಕುಡಿದಿರಿ ನೀವು. ಒಂದೂವರೆ ವರ್ಷ ಆಯ್ತು. ಅವನು ನನ್ನನ್ನೂ ಕೇಳಿಲ್ಲ. ಮಾರನೇ ದಿನದಿಂದ ಹಿಂದಿನ ಸೀಟಲ್ಲಿ ಕೂರೋಕೆ ಶುರು ಮಾಡಿದ." ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. "ಈಗ ಮೇಲಿದಾನೆ. ಬಟ್ಟೆ ತುಂಬ್ಕೊಳ್ತಿದಾನೆ. ಹೋಗಿ ಒಂದು ಮಾತು ಹೇಳಿ. ಕಾಲು ಹಿಡೀಬೇಕಾಗಿಲ್ಲ, ಇರೋ ಅಂದ್ರೆ ಸಾಕು, ಇರ್ತಾನೆ."

ಮೇಷ್ಟ್ರು ಮೆಟ್ಟಿಲು ಹತ್ತಿದರು. ರೂಮಿನ ಬಾಗಿಲು ತೆರೆದಿತ್ತು. ಭಾವಮೈದುನ ಹಾಸಿಗೆ ಸುತ್ತಿ ಮಂಡಿಯಿಂದ ಅದುಮಿ ಹಗ್ಗ ಕಟ್ಟುತ್ತಿದ್ದ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದ ಜಾಗ ಬೆಳ್ಳಗೆ ಚೌಕವಾಗಿ ಉಳಿದಿತ್ತು. ಇಷ್ಟು ದಿನ ಈ ರೂಮಿಗೆ ತಾವು ಬಂದೇ ಇರಲಿಲ್ಲ ಎಂಬುದು ಅವರ ಗಮನಕ್ಕೆ ಬಂತು. ಇದಕ್ಕೂ ಒಂದು ವಾಸನೆ ಇರಬೇಕು, ಆರು ವರ್ಷ ಒಬ್ಬನೇ ಇದ್ದವನದು, ಸೋಪಿನದೋ ಬಟ್ಟೆಯದೋ. ಅವನು ತಲೆ ಎತ್ತಿ ನೋಡಿದ. ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ, ಗಂಟೂ ಹಾಕಲಿಲ್ಲ, ಕಾದ. ಕೆಳಗೆ ಮಿಷನ್ನಿನ ಸದ್ದು ಇರಲಿಲ್ಲ, ಅವಳೂ ಕಾಯುತ್ತಿದ್ದಳು. ಇರೋ ಎಂದರೆ ಸಾಕು. ಆದರೆ ಇದ್ದರೆ ಅವನು ನಾಳೆ ಮತ್ತೆ ಹಿಂದಿನ ಸೀಟಿನಲ್ಲಿ ಕೂರುತ್ತಾನೆ, ಕೆಮ್ಮುತ್ತಾನೆ. ಆ ಕೆಮ್ಮು ಏನೆಂದು ಇಬ್ಬರಿಗೂ ಗೊತ್ತಿರುತ್ತದೆ, ಗೊತ್ತಿದೆಯೆಂದು ಇಬ್ಬರಿಗೂ ಗೊತ್ತಿರುತ್ತದೆ. ಮೇಷ್ಟ್ರ ಕಣ್ಣು ರೂಮಿನಲ್ಲಿ ಎಲ್ಲಾದರೂ ನಿಲ್ಲಲು ಜಾಗ ಹುಡುಕಿತು. ಮೂಲೆಯ ಸ್ಟೂಲಿನ ಮೇಲೆ ಹೋಗಿ ನಿಂತಿತು.

"ಆ ಟೇಬಲ್ ಫ್ಯಾನ್ ಬಿಟ್ಟು ಹೋಗು" ಎಂದರು. "ಅದು ಸ್ಕೂಲಿಂದು."

ಅವನು ಒಂದು ಗಳಿಗೆ ಅವರನ್ನೇ ನೋಡಿದ. "ಆಯ್ತು ಭಾವ" ಎಂದ. ಹಗ್ಗವನ್ನು ಎಳೆದು ಗಂಟು ಹಾಕಿದ. ಎದ್ದು ಹೋಗಿ ಫ್ಯಾನಿನ ಪ್ಲಗ್ ಕಿತ್ತು, ವೈರನ್ನು ಅದರ ಕಾಲಿಗೆ ನೀಟಾಗಿ ಸುತ್ತಿ ಬಾಗಿಲ ಬಳಿ ತಂದಿಟ್ಟ.

ತಿಂಗಳು ಮುಗಿಯುವುದರೊಳಗೆ ಒಂದು ಕ್ಲಚ್ ಪ್ಲೇಟು ಹೋಯಿತು. ಉಳಿದಿದ್ದ ಏಳು ಶಿಷ್ಯರಲ್ಲಿ ಐದು ಜನ ಎದುರು ರಸ್ತೆಗೆ ಹೋದರು. ಹೆಂಡತಿ ಭಾನುವಾರಗಳಂದು ತಮ್ಮನ ಹೊಸ ರೂಮಿಗೆ ಹೋಗಿ ಬರತೊಡಗಿದಳು. ಎಲ್ಲಿಗೆಂದು ಹೇಳುತ್ತಿರಲಿಲ್ಲ, ಮೇಷ್ಟ್ರು ಕೇಳುತ್ತಿರಲಿಲ್ಲ. ಒಟ್ಟು ಹೋದದ್ದು ಪ್ಲೇಟು ಒಂದು, ಶಿಷ್ಯರು ಐದು, ಭಾವಮೈದುನ ಒಬ್ಬ.